ಮಿರಗ ಕೂಡುವುದರೊಳಗೆ ಹೊಗೆಗೂಡಿಗೊಂದು ಮುಚ್ಚಳ: ಹಳೇ ಬಂಗಲೆಯ ಫೈರ್‌ಪ್ಲೇಸಿಗೆ ಡ್ಯಾಂಪರ್ ಕೂರಿಸುವ ಬಗೆ

ನಮ್ಮ ಬೆಳಗಾವಿ ಕಡೆ ಮಿರಗ ಅಂದರೆ ಜೂನಿನ ಮೃಗಶಿರಾ ಮಳೆ, ಚಿಮಣಿ ಅಂದರೆ ದೀಪ, ಚಿಮಣಿ ಎಣ್ಣಿ ಅಂದರೆ ಸೀಮೆಎಣ್ಣೆ. ಈಗ ಹೊಸ ಅಡುಗೆಮನೆ ಮಾಡಿಸುವವರಿಗೆ ಚಿಮಣಿ ಅಂದರೆ ಗ್ಯಾಸ್ ಒಲೆಯ ಮೇಲೆ ಗುಂಯ್‌ಗುಡುವ ಕರೆಂಟಿನ ಡಬ್ಬಿ. ಗೊಂದಲವೇ ಬೇಡ. ಫೈರ್‌ಪ್ಲೇಸಿನಿಂದ ಹೊರಟು ಹಂಚಿನ ಮೇಲೆ ತಲೆ ಹಾಕುವ ಇಟ್ಟಂಗಿ ಕೊಳವೆಯನ್ನು ನಾನಿಲ್ಲಿ ಹೊಗೆಗೂಡು ಅಂತಲೇ ಕರೆಯುತ್ತೇನೆ.

1818ರಲ್ಲಿ ಕೋಟೆ ಬ್ರಿಟಿಷರ ಕೈಗೆ ಹೋದ ಮೇಲೆ ಬೆಳೆದ ದಂಡು ಪ್ರದೇಶವೇ ಇವತ್ತಿನ ಕ್ಯಾಂಪ್. ಅಲ್ಲಿನ ಹಳೇ ಬಂಗಲೆಗಳಲ್ಲಿ ಫೈರ್‌ಪ್ಲೇಸ್ ಈಗಲೂ ಉಳಿದಿವೆ. ಬೆಂಕಿ ಹಾಕುವವರು ಮಾತ್ರ ಕಡಿಮೆ. ಡಿಸೆಂಬರ್ ಕೊನೆಯಲ್ಲಿ ನಾಲ್ಕು ದಿನ ನೆಂಟರು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೆ ಹೊಗೆಗೂಡಿನ ಬಾಯಿ ವರ್ಷಪೂರ್ತಿ ತೆರೆದೇ ಇರುತ್ತದೆ. ಒಂಬತ್ತು ಇಂಚು ಚೌಕದ ಕಿಟಕಿಯೊಂದನ್ನು ಹಗಲೂ ರಾತ್ರಿ ತೆರೆದು ಬಿಟ್ಟಂತಾಯಿತು. ಮಳೆಗಾಲದಲ್ಲಿ ಅಲ್ಲಿಂದ ಹಸಿ ಗಾಳಿ, ಹನಿ, ಮಸಿಯ ವಾಸನೆ ಕೋಣೆಗೆ ಇಳಿಯುತ್ತವೆ. ಚಳಿಗಾಲದ ರಾತ್ರಿ ಕೋಣೆಯ ಬಿಸುಪೆಲ್ಲ ಅದೇ ದಾರಿಯಲ್ಲಿ ಮೇಲೆ ಹೋಗುತ್ತದೆ.

ನಾನು ಫೌಂಡ್ರಿಯಲ್ಲಿ ಫಿಟ್ಟರ್ ಆಗಿ ದುಡಿದವನು. ಈಗ ಹಳೇ ಮನೆಗಳ ರಿಪೇರಿ ಕೆಲಸ ಹಿಡಿಯುತ್ತೇನೆ. ಹೊಗೆಗೂಡನ್ನು ಬೇಕಾದಾಗ ಮುಚ್ಚಿ ತೆರೆಯುವ ಮುಚ್ಚಳವೇ ಡ್ಯಾಂಪರ್. ಕಂಡದ್ದೇನೆಂದರೆ, ಅದರ ಬಗ್ಗೆ ಸಿಗುವ ಸಲಹೆಗಳೆಲ್ಲ ಹಿಮ ಬೀಳುವ ದೇಶಗಳವು. ಅವರ ಚಿಂತೆ ಬಿಸಿ ಗಾಳಿ ಹೊರಹೋಗುವುದು, ನಮ್ಮದು ಮಳೆ ಮತ್ತು ತೇವ. ಅವರ ಹಾಗೆ ಬಿಗಿಯಾಗಿ ಮುಚ್ಚಿಟ್ಟರೆ ಇಲ್ಲಿ ಗೋಡೆ ಕೆಡುತ್ತದೆ.

ಮೊದಲು ಗಾಳಿಯ ದಾರಿ ಹಿಡಿಯಿರಿ

ಒಂದು ಊದಿನಕಡ್ಡಿ ಹಚ್ಚಿ ಫೈರ್‌ಪ್ಲೇಸಿನ ಬಾಯಿಯ ಮೇಲ್ಭಾಗಕ್ಕೆ ಹಿಡಿಯಿರಿ. ಹೊಗೆ ಒಳಗೆ ಎಳೆದುಕೊಂಡು ಮೇಲೆ ಹೋದರೆ ಕೋಣೆಯ ಗಾಳಿ ಹೊರಗೆ ಹೋಗುತ್ತಿದೆ. ನಿಮ್ಮ ಕಡೆ ಹೊರಳಿದರೆ ಹೊರಗಿನ ಗಾಳಿ ಕೆಳಗೆ ಬರುತ್ತಿದೆ. ಇದನ್ನು ಒಂದೇ ಸಲ ನೋಡಿ ಬಿಡಬೇಡಿ. ಬೆಳಗಿನ ಜಾವ, ನಡು ಮಧ್ಯಾಹ್ನ, ಗಾಳಿ ಜೋರಿರುವ ಸಂಜೆ, ಮೂರೂ ಹೊತ್ತಿನಲ್ಲಿ ನೋಡಿ.

ಜನವರಿಯ ಬೆಳಗಿನ ಜಾವ ಒಳಗೆ ಬೆಚ್ಚಗೆ, ಹೊರಗೆ ತಂಪು. ಹಗುರಾದ ಬಿಸಿಗಾಳಿ ಮೇಲೇರುತ್ತದೆ, ಖಾಲಿಯಾದ ಜಾಗಕ್ಕೆ ಬಾಗಿಲ ಸಂದಿಯಿಂದ ಚಳಿ ನುಗ್ಗುತ್ತದೆ. ಜನ ಬಾಗಿಲಿಗೆ ಚಾದರ ತುರುಕುತ್ತಾರೆ, ಎಳೆಯುತ್ತಿರುವುದು ಹೊಗೆಗೂಡು ಅನ್ನುವುದು ಹೊಳೆಯುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಇದು ತಿರುವುಮುರುವು. ಎರಡು ಅಡಿ ದಪ್ಪದ ಗೋಡೆಯ ಮನೆ ಒಳಗೆ ತಂಪು, ಹೊರಗೆ ಬಿಸಿಲು. ಕೊಳವೆಯೊಳಗಿನ ತಂಪು ಗಾಳಿ ಭಾರವಾಗಿ ಕೆಳಗಿಳಿಯುತ್ತದೆ, ಜೊತೆಗೆ ಹಳೇ ಮಸಿಯ ಕಮಟು. ಬೇಸಿಗೆಯಲ್ಲಿ ಕೋಣೆ ವಾಸನೆ ಹೊಡೆಯುತ್ತದೆ ಅನ್ನುವವರ ಮನೆಯ ಕತೆ ಬಹುತೇಕ ಇದೇ.

ಮತ್ತೊಂದು ಪರೀಕ್ಷೆಯನ್ನು ಮರೆಯಬೇಡಿ. ಅಡುಗೆಮನೆಯ ಕರೆಂಟಿನ ಚಿಮಣಿ ಹಚ್ಚಿ, ಕಿಟಕಿಗಳನ್ನು ಮುಚ್ಚಿ, ಮತ್ತೆ ಊದಿನಕಡ್ಡಿ ಹಿಡಿಯಿರಿ. ಇವು ಗಂಟೆಗೆ ಸಾವಿರ ಘನ ಮೀಟರ್ ಗಾಳಿ ಎಳೆಯುತ್ತವೆಂದು ಪೆಟ್ಟಿಗೆಯ ಮೇಲೇ ಬರೆದಿರುತ್ತದೆ. ಅಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಬೇಕಲ್ಲ? ತೆರೆದ ಹೊಗೆಗೂಡಿದ್ದರೆ ಅಲ್ಲಿಂದಲೇ. ಒಂದು ಮನೆಯಲ್ಲಿ ರೊಟ್ಟಿ ಬಡಿಯುವ ಹೊತ್ತಿಗೆ ಸರಿಯಾಗಿ ಫೈರ್‌ಪ್ಲೇಸಿನ ಕೋಣೆಯಲ್ಲಿ ಮಸಿ ಉದುರುತ್ತಿತ್ತು. ಮನೆಯ ಅಜ್ಜಿ, "ಏನರ ಐತ್ರೀ ಮ್ಯಾಲ, ಸಂಜಿ ಆತಂದ್ರ ಓಡ್ಯಾಡತೈತಿ" ಅಂತ ದೆವ್ವದ ಲೆಕ್ಕಕ್ಕೆ ಹಾಕಿದ್ದರು. ಸ್ವಿಚ್ ಆರಿಸಿ ತೋರಿಸಿದ ಮೇಲೆ ದೆವ್ವ ಹೋಯಿತು.

ಬೆಂಕಿ ಹಾಕಿದಾಗಲೂ ಗಾಳಿ ಬೀಸಿದಂತೆಲ್ಲ ಹೊಗೆ ಒಳಗೆ ಬಗ್ಗುತ್ತಿದ್ದರೆ ಅದು ಡ್ಯಾಂಪರ್‌ನ ತಪ್ಪಲ್ಲ, ಹೊಗೆಗೂಡಿನ ಎತ್ತರ ಸಾಲದು. ಅದು ಮಾಡನ್ನು ದಾಟುವ ಜಾಗದಿಂದ ಕನಿಷ್ಠ 3 ಅಡಿ ಮೇಲಿರಬೇಕು, ಸುತ್ತ 10 ಅಡಿಯೊಳಗಿನ ಯಾವುದೇ ಭಾಗಕ್ಕಿಂತ 2 ಅಡಿ ಎತ್ತರವಿರಬೇಕು. ಇಲ್ಲದಿದ್ದರೆ ಮೊದಲು ಗೌಂಡಿಯನ್ನು ಕರೆದು ಎತ್ತರ ಮಾಡಿಸಿ.

ಒಳಗೆ ಏನೇನಿದೆ

ಕೆಳಗಿನಿಂದ ಮೇಲಕ್ಕೆ ಹೋಗೋಣ. ಬೆಂಕಿ ಉರಿಯುವ ಗೂಡು. ಅದರ ಮೇಲೆ ಕೊಳವೆ ಸಣ್ಣದಾಗುವ ಕತ್ತು. ಕತ್ತಿನ ಹಿಂದೆ ಸಣ್ಣ ಕಟ್ಟೆ, ಮೇಲಿಂದ ಉದುರಿದ ಮಸಿ, ಗಾರೆ, ಹಕ್ಕಿಗೂಡಿನ ಕಡ್ಡಿಗಳೆಲ್ಲ ಕೂರುವುದು ಅಲ್ಲಿ. ಆಮೇಲೆ ಹೊಗೆ ಒಟ್ಟುಗೂಡುವ ಗುಮ್ಮಟ. ಅಲ್ಲಿಂದ ನೆಟ್ಟಗೆ ಕೊಳವೆ. ಕತ್ತು ಕಿರಿದಾಗಿದ್ದರೆ ಹೊಗೆ ಚೆನ್ನಾಗಿ ಎಳೆಯುತ್ತದೆ ಎಂದು ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ 1790ರ ದಶಕದಲ್ಲಿ ತೋರಿಸಿಕೊಟ್ಟ. ಆಮೇಲೆ ಬಂದ ಎರಕದ ಕಬ್ಬಿಣದ ಫೈರ್‌ಪ್ಲೇಸುಗಳಲ್ಲಿ ಕತ್ತಿಗೆ ತಿರುಗಣಿಯ ತಟ್ಟೆಯೊಂದು ಸೇರಿಕೊಂಡಿತು. ನಿಮ್ಮ ಮನೆಯ ಫೈರ್‌ಪ್ಲೇಸ್ ಬರೀ ಕಲ್ಲು ಇಟ್ಟಂಗಿಯದಾಗಿದ್ದರೆ ಡ್ಯಾಂಪರ್ ಇರುವುದೇ ಅನುಮಾನ. ಎರಕದ ಚೌಕಟ್ಟು ಇದ್ದರೆ ಒಳಗೆ ಕೈ ಹಾಕಿ ತಡಕಿ. ತುಕ್ಕು ಹಿಡಿದು ಮಸಿಯಲ್ಲಿ ಹೂತ ತಟ್ಟೆ ಸಿಕ್ಕರೂ ಸಿಗಬಹುದು.

ಮುಚ್ಚುವ ಜಾಗ ಮೂರು: ಕತ್ತು, ತುದಿ, ಬಾಯಿ. ಮೂರಕ್ಕೂ ಬೇರೆ ಬೇರೆ ಸಾಮಾನು, ಬೇರೆ ಬೇರೆ ಗುಣ.

ಮಸಿ ತೆಗೆಯದೆ ಮುಂದಿನ ಕೆಲಸವಿಲ್ಲ

ಕೊನೆಯ ಬೆಂಕಿ ಆರಿ 24 ಗಂಟೆಯಾದರೂ ಆಗಿರಲಿ. ಬೂದಿಯೊಳಗಿನ ಕೆಂಡ ಮೋಸ ಮಾಡುತ್ತದೆ. ಮೂಗಿಗೆ ಎನ್95 ಮಾಸ್ಕ್, ಕಣ್ಣಿಗೆ ಕನ್ನಡಕ, ತುಂಬು ತೋಳಿನ ಅಂಗಿ. ಇದು ಅತಿಯಾದ ಹೆದರಿಕೆಯಲ್ಲ. ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಹೊಗೆಗೂಡು ಗುಡಿಸುವವರಿಗೆ ಬರುವ ಕ್ಯಾನ್ಸರಿಗೂ ಮಸಿಗೂ ನಂಟಿದೆ ಎಂದು ಬರೆದಿದ್ದ.

ಫೈರ್‌ಪ್ಲೇಸಿನ ಬಾಯಿಗೆ ಹಸಿ ಗೋಣಿಚೀಲ ಕಟ್ಟಿ, ಮೇಲಿಂದ ಉದ್ದನೆಯ ಬ್ರಶ್ ಇಳಿಸಿ ಗುಡಿಸಬೇಕು. ಅದಕ್ಕೂ ಮುಂಚೆ ಕನ್ನಡಿ, ಟಾರ್ಚ್ ಹಿಡಿದು ಮೇಲೆ ನೋಡಿ. ಪಾರಿವಾಳ ಗೂಡು ಕಟ್ಟಿದ್ದರೆ ಮರಿ ಹಾರುವ ತನಕ ಕೆಲಸ ನಿಲ್ಲಿಸಿ. ಬಾವಲಿ ಇದ್ದರೆ ಕತ್ತಲಾದ ಮೇಲೆ ಅವು ಹೊರಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡೇ ಮುಚ್ಚಬೇಕು, ಮರಿಗಳಿದ್ದರೆ ಅದೂ ಬೇಡ. ನಮ್ಮ ಜಿಲ್ಲೆಯ ಬಾರಾಪೇಡೆ ಗುಹೆಗಳಲ್ಲಿ ಅಪರೂಪದ ರಾಟನ್ ಬಾವಲಿ ಇದೆ. ನಿಮ್ಮ ಹೊಗೆಗೂಡಿಗೆ ಬಂದದ್ದು ಅದಲ್ಲ, ಆದರೂ ಜೀವ ಜೀವವೇ.

ಗುಡಿಸುವಾಗ ಒಳಗೋಡೆಯ ಗಿಲಾವು ಗಟ್ಟಿಯಿದೆಯೇ ನೋಡಿಕೊಳ್ಳಿ. ಹಿಂದೆ ಇಂಗ್ಲೆಂಡಿನಲ್ಲೇ ಹೊಗೆಗೂಡಿನ ಒಳಮೈಗೆ ಸುಣ್ಣದ ಜೊತೆ ಸಗಣಿ ಕಲಸಿ ಬಳಿಯುತ್ತಿದ್ದರು. ಇದನ್ನು ನಮ್ಮ ಗೌಂಡಿ ಮಾಮಾಗೆ ಹೇಳಿದರೆ, "ಅಂದ್ರ ನಮ್ಮವ್ವನ ಕೂಡ ಕಲತಾರ ಬಿಡ್ರೀ" ಅಂದ. ಬಿರುಕಿದ್ದರೆ ಸುಣ್ಣದ ಗಾರೆಯಿಂದಲೇ ಮುಚ್ಚಿಸಿ. ಹಳೇ ಸುಣ್ಣದ ಗೋಡೆಗೆ ಗಟ್ಟಿ ಸಿಮೆಂಟ್ ಮೆತ್ತಿದರೆ ನೀರು ಹಿಂದೆ ಸಿಕ್ಕಿಕೊಳ್ಳುತ್ತದೆ.

ಕತ್ತಿನ ಡ್ಯಾಂಪರ್: ಹಳೇದನ್ನು ಉಳಿಸುವುದು, ಹೊಸದನ್ನು ಎರಕ ಹೊಯ್ಯಿಸುವುದು

ಇದು ನನಗೆ ಇಷ್ಟದ ಕೆಲಸ. ಕತ್ತಿನ ತಟ್ಟೆ ಎರಡು ಬಗೆ. ಒಂದನ್ನು ಸಲಾಕೆಯಿಂದ ದೂಡಿ ಹಿಂದಕ್ಕೆ ಬೀಳಿಸಬೇಕು. ಇನ್ನೊಂದರಲ್ಲಿ ಹೊರಗೆ ಗುಬುಟು ಇರುತ್ತದೆ. ತಿರುಗಿಸಿದರೆ ಒಳಗಿನ ಸ್ಕ್ರೂ ತಟ್ಟೆಯನ್ನು ಬೇಕಾದಷ್ಟೇ ತೆರೆಯುತ್ತದೆ. ಎರಡರದೂ ಒಂದೇ ದೋಷ: ಕಬ್ಬಿಣದ ಮೇಲೆ ಕಬ್ಬಿಣ ಕೂತರೆ ಗಾಳಿ ಪೂರ್ತಿ ನಿಲ್ಲುವುದಿಲ್ಲ. ವರ್ಷಗಟ್ಟಲೆ ಕಾದು ತಟ್ಟೆ ಸೊಟ್ಟಗಾಗಿರುತ್ತದೆ, ನಮ್ಮ ಮಳೆಗೆ ತುಕ್ಕೂ ತಿಂದಿರುತ್ತದೆ.

ಮೊದಲು ಹಿಂದಿನ ಕಟ್ಟೆಯ ಕಸ ಪೂರ್ತಿ ತೆಗೆಯಿರಿ. ತಟ್ಟೆ ತೆರೆಯದಿರುವುದಕ್ಕೆ ಅರ್ಧಕ್ಕರ್ಧ ಕಾರಣ ಅದೇ. ತಟ್ಟೆಯನ್ನೂ ಅದು ಕೂರುವ ಅಂಚನ್ನೂ ತಂತಿ ಬ್ರಶ್‌ನಿಂದ ಕಬ್ಬಿಣದ ಬಣ್ಣ ಕಾಣುವ ತನಕ ತಿಕ್ಕಿ. ತಿರುಗಣಿಗೆ ಎಣ್ಣೆ ಬೇಡ, ಅದು ಸುಟ್ಟು ಅಂಟಾಗಿ ಮತ್ತೆ ಹಿಡಿದುಕೊಳ್ಳುತ್ತದೆ. ಒಣ ಗ್ರಾಫೈಟ್ ಪುಡಿ ಹಾಕಿ.

ಆಮೇಲೆ ಎಲ್ಲಿ ಸೋರುತ್ತಿದೆ ಅಂತ ಕಂಡುಹಿಡಿಯಬೇಕು. ಫಿಟ್ಟರುಗಳ ಉಪಾಯ ಹೇಳುತ್ತೇನೆ. ತಟ್ಟೆಯ ಅಂಚಿಗೆ ಸೀಮೆಸುಣ್ಣ ಗಾಢವಾಗಿ ತಿಕ್ಕಿ, ಮುಚ್ಚಿ, ತೆರೆಯಿರಿ. ಎದುರು ಅಂಚಿನಲ್ಲಿ ಬಿಳಿ ಗುರುತು ಬಿದ್ದ ಕಡೆ ತಾಗಿದೆ, ಬೀಳದ ಕಡೆ ಸಂದಿಯಿದೆ. ಎತ್ತರವಾದ ಜಾಗವನ್ನು ಕಾನಸದಿಂದ (ಅರದಿಂದ) ಸ್ವಲ್ಪ ಸ್ವಲ್ಪವೇ ಉಜ್ಜಿ. ಉಳಿದ ಸಂದಿ ಎರಡು ಮೂರು ಮಿಲಿಮೀಟರ್ ಇದ್ದರೆ 6 ಮಿಲಿಮೀಟರಿನ ಗ್ಲಾಸ್ ಫೈಬರ್ ಹಗ್ಗವನ್ನು ಅಂಚಿನುದ್ದಕ್ಕೂ ಅಂಟಿಸಿ. ಅಂಟು ಬೇರೇನಲ್ಲ, ಫೌಂಡ್ರಿಯಲ್ಲಿ ಮರಳಿನ ಅಚ್ಚು ಗಟ್ಟಿಮಾಡಲು ಬಳಸುವ ಸೋಡಿಯಂ ಸಿಲಿಕೇಟ್. ಒಂದು ರಾತ್ರಿ ತಟ್ಟೆ ಮುಚ್ಚಿ, ನಡುವೆ ಎಣ್ಣೆಕಾಗದ ಇಟ್ಟು ಒಣಗಲು ಬಿಡಿ. ಕಾಗದ ಮರೆತರೆ ತಟ್ಟೆ ಕಾಯಂ ಅಂಟಿಕೊಂಡೀತು. ಹಳೇ ಹಾರ್ಡ್‌ವೇರ್ ಅಂಗಡಿಯವರು ಆಸ್ಬೆಸ್ಟಾಸ್ ಹಗ್ಗ ತೋರಿಸಿದರೆ ಬೇಡವೆನ್ನಿ. ಅದರ ಧೂಳು ಶ್ವಾಸಕೋಶ ತಿನ್ನುತ್ತದೆ. ನಲ್ಲಿ ಸೋರಿದರೆ ಮೆತ್ತುವ ಎಂ-ಸೀಲ್ ಕೂಡ ಇಲ್ಲಿ ನಡೆಯದು, ಅದು ಬೆಂಕಿಯ ಬಿಸಿಗೆ ಆದದ್ದಲ್ಲ. ಚೌಕಟ್ಟಿಗೂ ಇಟ್ಟಂಗಿಗೂ ನಡುವಿನ ಬಿರುಕಿಗೆ ಭಟ್ಟಿಗೆ ಬಳಸುವ ಫೈರ್ ಸಿಮೆಂಟ್ ತುಂಬಿ.

ತಟ್ಟೆಯೇ ಒಡೆದಿದ್ದರೆ? ಇದನ್ನು ಕೇಳಬೇಕಾದ ಊರು ಬೆಳಗಾವಿಯೇ. ಉದ್ಯಮಬಾಗದ ಕಡೆ ಹೊರಟರೆ ಎರಕದವರಿಗೆ ಬರವಿಲ್ಲ. ಒಡೆದ ತುಂಡುಗಳನ್ನು ಜೋಡಿಸಿ ಪ್ಲೈವುಡ್ ಮೇಲೆ ಇಟ್ಟು ಅಳತೆ ತೆಗೆದು ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ತೆಗೆಯುವ ಮಾದರಿ) ಮಾಡಿಸಿ. ಆರಿದಾಗ ಎರಕ ಮೀಟರಿಗೆ ಸುಮಾರು 10 ಮಿಲಿಮೀಟರ್ ಕುಗ್ಗುತ್ತದೆ, ಪ್ಯಾಟರ್ನ್ ಮಾಡುವವರು ಅಷ್ಟು ದೊಡ್ಡದಾಗಿಯೇ ಮಾಡುತ್ತಾರೆ. 600 ಮಿಲಿಮೀಟರ್ ಉದ್ದ, 150 ಅಗಲ, 8 ದಪ್ಪದ ತಟ್ಟೆ ಐದು ಕಿಲೋ ತೂಗುತ್ತದೆ.

ಇಲ್ಲಿ ಎಡವುವವರು ಬಹಳ: ಗಾಳಿ ನಿಲ್ಲಲಿ ಅಂತ ತಟ್ಟೆಯನ್ನು ಚೌಕಟ್ಟಿಗೆ ಗಚ್ಚಾಗಿ ಮಾಡಿಸುತ್ತಾರೆ. ಎರಕದ ಕಬ್ಬಿಣ 100 ಡಿಗ್ರಿ ಕಾದರೆ ಮೀಟರಿಗೆ ಒಂದು ಮಿಲಿಮೀಟರ್ ಹಿಗ್ಗುತ್ತದೆ. ಮೇಲೆ ಹೇಳಿದ ತಟ್ಟೆ 300 ಡಿಗ್ರಿಗೆ ಎರಡು ಮಿಲಿಮೀಟರ್ ಉದ್ದವಾಗುತ್ತದೆ. ಜಾಗವಿಲ್ಲದಿದ್ದರೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಸೀಳುತ್ತದೆ. ಎರಡೂ ತುದಿಗೆ ಮೂರು ಮಿಲಿಮೀಟರ್ ಬಿಡಿ, ತಟ್ಟೆ ಚೌಕಟ್ಟಿನ ಒಳಗೆ ಕೂರದೆ ಅಂಚಿನ ಮೇಲೆ ಮಲಗುವಂತೆ ಮಾಡಿ. ಸಂದಿಯನ್ನು ಹಗ್ಗ ನೋಡಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿದರೂ ಕತ್ತಿನ ಡ್ಯಾಂಪರ್ ಮಳೆ ನಿಲ್ಲಿಸದು. ನೀರು ಮೇಲಿಂದ ಇಳಿದು ಅದೇ ತಟ್ಟೆಯ ಮೇಲೆ ನಿಂತು ತುಕ್ಕು ಹಿಡಿಸುತ್ತದೆ. ಅದಕ್ಕೇ ಕ್ಯಾಂಪಿನ ಮನೆಗಳಿಗೆ ನಾನು ಮೊದಲು ಹೇಳುವುದು ತುದಿಯ ಡ್ಯಾಂಪರ್.

ತುದಿಯ ಡ್ಯಾಂಪರ್

ಬಾಗಲಕೋಟೆ, ವಿಜಯಪುರದ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇರುತ್ತದೆ. ಬೆಳಕು ಒಳಗೆ, ಒಲೆಯ ಹೊಗೆ ಹೊರಗೆ. ಮಳೆ ಬಂತೆಂದರೆ ಯಾರಾದರೂ ಮಾಳಿಗೆ ಹತ್ತಿ ಅದರ ಮೇಲೆ ಚಪ್ಪಡಿ ಎಳೆಯುತ್ತಾರೆ, ಇಲ್ಲವೇ ಗಡಿಗೆ ಬೋರಲು ಹಾಕುತ್ತಾರೆ. ತುದಿಯ ಡ್ಯಾಂಪರ್ ಅಂದರೆ ಅದೇ ಗಡಿಗೆ. ಮಾಳಿಗೆ ಹತ್ತುವ ಬದಲು ಕೆಳಗಿನಿಂದ ತಂತಿ ಎಳೆಯುತ್ತೇವೆ, ಅಷ್ಟೇ.

ಇದರಲ್ಲಿ ಚೌಕಟ್ಟು, ಸಿಲಿಕೋನ್ ಅಂಚಿನ ಮುಚ್ಚಳ, ಅದನ್ನು ಮೇಲೆತ್ತಿ ಹಿಡಿಯುವ ಸ್ಪ್ರಿಂಗ್, ಕೊಳವೆಯೊಳಗೆ ಇಳಿಯುವ ಸ್ಟೀಲ್ ತಂತಿ, ಕೆಳಗೆ ಗೋಡೆಗೆ ಕೂರುವ ಕೊಕ್ಕೆ ಇರುತ್ತವೆ. ಸಿದ್ಧ ಸಾಮಾನು ಸಿಗದಿದ್ದರೆ ಸ್ಟೀಲ್ ಕೆಲಸ ಮಾಡುವವರಲ್ಲಿ 304 ದರ್ಜೆಯ ತಗಡಿನಲ್ಲಿ ಮಾಡಿಸಬಹುದು. ಮಾಡಿಸುವಾಗ ಒಂದು ಮಾತು ಬಿಡಬೇಡಿ: ತಂತಿ ಹರಿದರೆ ಮುಚ್ಚಳ ತಾನಾಗಿ ತೆರೆದುಕೊಳ್ಳಬೇಕು, ಮುಚ್ಚಿಕೊಳ್ಳಬಾರದು. ಎಳೆದರೆ ಮುಚ್ಚು, ಬಿಟ್ಟರೆ ತೆರೆ. ಉಲ್ಟಾ ಮಾಡಿದರೆ ಬೆಂಕಿ ಉರಿಯುವಾಗ ತಂತಿ ಹರಿದ ದಿನ ಮನೆಯೆಲ್ಲ ಹೊಗೆ.

ಮೇಲೆ ಹತ್ತುವ ಕೆಲಸ ಮಾರ್ಚಿನಿಂದ ಮೇ ಒಳಗೆ ಮುಗಿಯಲಿ. ಮಿರಗ ಕೂಡಿದ ಮೇಲೆ ಪಾಚಿಗಟ್ಟಿದ ಮಂಗಳೂರು ಹಂಚಿನ ಮೇಲೆ ಕಾಲಿಡುವುದು ಜೀವದ ಜೊತೆ ಆಟ. ಹಂಚಿನ ಮೇಲೆ ನೇರ ತುಳಿಯದೆ ಹಲಗೆ ಹಾಸಿ, ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಿ.

ತುದಿಯ ಗಾರೆ ಒಡೆದಿದ್ದರೆ ಮೊದಲು ಅದನ್ನು ಹೊರಕ್ಕೆ ಇಳಿಜಾರಾಗಿ ಕಟ್ಟಿಸಿ ಒಣಗಿಸಿ. ಕೊಳವೆಯ ಒಳ ಅಳತೆಯನ್ನು ಎರಡೂ ಕಡೆಯಿಂದ, ಮೂಲೆಯಿಂದ ಮೂಲೆಗೂ ತೆಗೆಯಿರಿ. ಹಳೇ ಕೊಳವೆ ಒಂಬತ್ತಕ್ಕೆ ಒಂಬತ್ತು ಅಥವಾ ಒಂಬತ್ತಕ್ಕೆ ಹದಿನಾಲ್ಕು ಇಂಚು ಇರುತ್ತದೆ, ಮೂಲೆ ಮಾತ್ರ ನೇರ ಇರುವುದು ಅಪರೂಪ. ಚೌಕಟ್ಟನ್ನು ಬಿಸಿ ತಾಳುವ ಸಿಲಿಕೋನ್ ಹಾಕಿ ಕೂರಿಸಿ, ಮೇಲೆ ಎರಡು ಇಟ್ಟಂಗಿ ಹೇರಿ ಒಂದು ದಿನ ಬಿಡಿ. ತಂತಿಗೆ ಸಣ್ಣ ತೂಕ ಕಟ್ಟಿ ಕೆಳಗಿಳಿಸಿ, ಕತ್ತಿನಲ್ಲಿ ಎಲ್ಲೂ ಉಜ್ಜದಂತೆ ನೋಡಿ. ಕೊಕ್ಕೆಯನ್ನು ಗೂಡಿನ ಪಕ್ಕದ ಗೋಡೆಗೆ, ಜ್ವಾಲೆ ತಾಗದ ಮುಂಭಾಗಕ್ಕೆ ಕೂರಿಸಿ. ಒಬ್ಬರು ಮೇಲೆ, ಒಬ್ಬರು ಕೆಳಗೆ ನಿಂತು ಹತ್ತು ಸಲ ಎಳೆದು ಬಿಟ್ಟು ನೋಡಿ. ಸುತ್ತ ಅರ್ಧ ಇಂಚಿನ ಜಾಲರಿ ಹಾಕಿಸಿದರೆ ಹಕ್ಕಿ ಒಳಬರುವುದಿಲ್ಲ.

ಮುಚ್ಚಳ ಮುಚ್ಚಿದರೂ ಕೊಳವೆ ಉಸಿರಾಡಬೇಕು. ತುದಿ ಮುಚ್ಚಿದ್ದರೆ ಕೆಳಗಿನ ಕತ್ತು ಸ್ವಲ್ಪ ತೆರೆದಿರಲಿ, ವಾರಕ್ಕೊಮ್ಮೆ ಬಿಸಿಲು ಬಿದ್ದ ದಿನ ಮೇಲಿನ ಮುಚ್ಚಳವನ್ನೂ ಎರಡು ಗಂಟೆ ತೆರೆಯಿರಿ. ಹಿಂದೊಮ್ಮೆ ನಾನೇ ಒಂದು ಹೊಗೆಗೂಡಿಗೆ ಮೇಲೆ ಚಪ್ಪಡಿ, ಕೆಳಗೆ ಗಾರೆ ಹಾಕಿ ಬಿಗಿಯಾಗಿ ಮುಚ್ಚಿ ಬಂದಿದ್ದೆ. ಎರಡನೇ ಮಳೆಗಾಲಕ್ಕೆ ಹೊಸ ಬಣ್ಣದ ಗೋಡೆಯ ಮೇಲೆ ಚಹಾ ಚೆಲ್ಲಿದ ಹಾಗೆ ಕಂದು ಕಲೆ. ಒಳಗೆ ನಿಂತ ತೇವ ಹಳೇ ಮಸಿಯನ್ನು ಕರಗಿಸಿಕೊಂಡು ಗಿಲಾವಿನೊಳಗೆ ಹೊರಟಿತ್ತು. ಮೂರು ಸಲ ಬಣ್ಣ ಬಳಿದರೂ ಮೇಲೆದ್ದು ಬಂತು. ಕೊನೆಗೆ ಚಪ್ಪಡಿ ತೆಗೆದು, ಬದಿಯಿಂದ ಗಾಳಿಯಾಡುವ ಟೋಪಿ ಹಾಕಿ, ಕೆಳಗೆ ಜಾಲರಿಯ ಕಿಂಡಿ ಕೊರೆದೆ. ಗಿಲಾವು ಕಿತ್ತು ಹೊಸದಾಗಿ ಮಾಡಿಸಬೇಕಾಯಿತು, ನನ್ನ ಖರ್ಚಿನಲ್ಲಿ. ಇನ್ನು ಮುಂದೆ ಬೆಂಕಿಯೇ ಹಾಕುವುದಿಲ್ಲ ಅನ್ನುವವರೂ ಕಾಯಂ ಮುಚ್ಚುವಾಗ ಹೀಗೆಯೇ ಮೇಲೊಂದು ಕೆಳಗೊಂದು ಗಾಳಿದಾರಿ ಇಡಬೇಕು.

ಕಂಬಳಿಯ ಬೆಣೆ

ಬಾಡಿಗೆ ಮನೆ, ಮೇಲೆ ಹತ್ತುವುದು ಸಾಧ್ಯವಿಲ್ಲ ಅನ್ನುವವರಿಗೆ ಇದು. ವಿದೇಶದಲ್ಲಿ ಗಾಳಿ ತುಂಬುವ ಚೀಲ ಸಿಗುತ್ತದೆ, ಕತ್ತಿನಲ್ಲಿಟ್ಟು ಊದಿದರೆ ಉಬ್ಬಿ ಕೂರುತ್ತದೆ. ಕುರಿ ಉಣ್ಣೆಯ ಬೆಣೆಯೂ ಇದೆ. ನಮಗೆ ಎರಡನೆಯದೇ ವಾಸಿ, ಯಾಕೆಂದರೆ ಉಣ್ಣೆ ಇಲ್ಲೇ ಇದೆ. ಕುರುಬರು ನೇಯ್ದ ದಖ್ಖನಿ ಕುರಿಯ ಕರಿಕಂಬಳಿ ಮೈಗೆ ಚುಚ್ಚುತ್ತದೆ, ಈ ಕೆಲಸಕ್ಕೆ ಆ ಒರಟೇ ಬೇಕು. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹೀರಿದರೂ ಕೈಗೆ ಹಸಿ ಅನ್ನಿಸುವುದಿಲ್ಲ, ಗಾಳಿ ಬಿದ್ದಾಗ ಬಿಟ್ಟುಕೊಡುತ್ತದೆ. ಹೀಗಾಗಿ ಕೊಳವೆ ಕಟ್ಟಿದಂತಾಗುವುದಿಲ್ಲ.

ಕೊಳವೆಯ ಅಳತೆಗಿಂತ ಒಂದಿಂಚು ಚಿಕ್ಕದಾದ ಪ್ಲೈವುಡ್ ತುಂಡು ತೆಗೆದುಕೊಳ್ಳಿ. ಹಳೇ ಕಂಬಳಿಯನ್ನು ಐದಾರು ಪದರ ಮಡಚಿ, ನಾಲ್ಕೂ ಕಡೆ ಒಂದೂವರೆ ಇಂಚು ಹೊರಬರುವಂತೆ ಅದರ ಮೇಲೆ ಹೊಲಿಗೆ ಹಾಕಿ ಬಿಗಿಯಿರಿ. ನಡುವೆ ಕೋಲಿನ ಹಿಡಿ. ಬಾಯಿಯಿಂದ ಒಂದಡಿ ಮೇಲೆ ತಳ್ಳಿ ಒತ್ತಿ ಕೂರಿಸಿ. ನುಸಿ ತಿನ್ನದಂತೆ ಪದರದ ನಡುವೆ ಒಣ ಬೇವಿನೆಲೆ ಇಟ್ಟು, ಬೇಸಿಗೆಯಲ್ಲಿ ಒಮ್ಮೆ ಬಿಸಿಲಿಗೆ ಹಾಕಿ. ಲಾರಿ ಟ್ಯೂಬ್ ಊದಿ ಇಟ್ಟವರನ್ನೂ ನೋಡಿದ್ದೇನೆ. ರಬ್ಬರಿನ ನಾತ ಮಸಿಯ ನಾತಕ್ಕಿಂತ ಕಡೆ.

ಹಿಡಿಗೆ ಒಂದು ಕೆಂಪು ಬಟ್ಟೆ ಕಟ್ಟಿ ಕಣ್ಣಿಗೆ ಬೀಳುವಂತೆ ಕೆಳಗೆ ಇಳಿಬಿಡಿ. ಬೆಣೆ ಮರೆತು ಬೆಂಕಿ ಹಚ್ಚುವವರು ಮನೆಯವರಲ್ಲ, ಬಂದ ನೆಂಟರು.

ಬಾಯಿಗೇ ಹಲಗೆ ಹಚ್ಚಿ ಮುಚ್ಚುವುದೂ ಒಂದು ದಾರಿ. ಅಂಚಿಗೆ ಸ್ಪಂಜಿನ ಪಟ್ಟಿ ಅಂಟಿಸಿದರೆ ಗಾಳಿ ನಿಲ್ಲುತ್ತದೆ, ಚಂದ ಮಾತ್ರ ಕಾಣುವುದಿಲ್ಲ.

ಮುಚ್ಚಿದ ಕೋಣೆಯಲ್ಲಿ ಶೇಗಡಿ ಬೇಡ

ಹೊಗೆಗೂಡು ಮುಚ್ಚುವ ಮೊದಲು ಆ ಕೋಣೆಯಲ್ಲಿ ಬೇರೇನು ಉರಿಯುತ್ತದೆ ನೋಡಿ. ಬಾಣಂತಿ ಕೋಣೆಯಲ್ಲಿ, ಚಳಿಗೆ ವಯಸ್ಸಾದವರ ಮಂಚದ ಬಳಿ ಇದ್ದಿಲ ಶೇಗಡಿ ಇಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ತೆರೆದ ಹೊಗೆಗೂಡು ಅಷ್ಟು ದಿನ ಆ ಕೋಣೆಯ ಕೆಟ್ಟ ಗಾಳಿಯನ್ನು ಸದ್ದಿಲ್ಲದೆ ಹೊರಗೆ ಹಾಕುತ್ತಿತ್ತು. ನೀವು ಅದನ್ನು ಮುಚ್ಚಿ, ಬಾಗಿಲನ್ನೂ ಹಾಕಿದರೆ ಇದ್ದಿಲಿನ ಕಾರ್ಬನ್ ಮಾನಾಕ್ಸೈಡ್ ಒಳಗೇ ಉಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು, ಆಮೇಲೆ ಎಚ್ಚರವೇ ಆಗದ ನಿದ್ದೆ. ಒಳಗೆ ಕೂರಿಸಿದ ಗ್ಯಾಸ್ ಗೀಸರಿಗೂ ಇದೇ ಮಾತು. ಅಂಥ ಕೋಣೆಯಾದರೆ ಹೊಗೆಗೂಡನ್ನು ಮುಟ್ಟಬೇಡಿ, ಮುಟ್ಟಿದರೆ ಶೇಗಡಿ ಹೊರಗೆ ಹೋಗಲಿ, ಗೀಸರಿಗೆ ಹೊರಗೋಡೆಯಲ್ಲಿ ಬೇರೆ ಗಾಳಿದಾರಿ ಆಗಲಿ.

ಫೈರ್‌ಪ್ಲೇಸಿನಲ್ಲೇ ಬೆಂಕಿ ಹಾಕಿದ ರಾತ್ರಿ ಮಲಗುವ ಮುನ್ನ ಡ್ಯಾಂಪರ್ ಮುಚ್ಚುವ ಆಸೆಯಾಗುತ್ತದೆ, ಬಿಸುಪು ಉಳಿಯಲಿ ಅಂತ. ಬೂದಿಯಲ್ಲಿ ಕೆಂಡವಿರುವ ತನಕ ಮುಚ್ಚಬಾರದು. ಮರುದಿನ ಕೈಯಿಟ್ಟು ತಣ್ಣಗಿದ್ದರೆ ಆಗ ಎಳೆಯಿರಿ.

ಎಲ್ಲ ಕೂತ ಮೇಲೆ ಮತ್ತೆ ಆ ಮೂರು ಹೊತ್ತಿನ ಊದಿನಕಡ್ಡಿ. ಹೊಗೆ ನೆಟ್ಟಗೆ ನಿಂತರೆ ಆಯಿತು. ಸ್ವಲ್ಪ ಅಲ್ಲಾಡಿದರೆ ಅದು ನೀವೇ ಬಿಟ್ಟ ಗಾಳಿದಾರಿ, ಅದನ್ನು ಮುಚ್ಚಲು ಹೋಗಬೇಡಿ. ಮೊದಲ ದೊಡ್ಡ ಮಳೆಗೆ ಮುಂಚೆ ಗೂಡಿನ ತಳಕ್ಕೆ ಹಳೇ ಪೇಪರ್ ಹಾಸಿಟ್ಟು ಮಳೆ ಬಿದ್ದ ಮರುದಿನ ನೋಡಿ. ಹನಿಯ ಗುರುತು ಬಿದ್ದಿದ್ದರೆ ತುದಿಯ ಸಿಲಿಕೋನ್ ಎಲ್ಲೋ ಬಿಟ್ಟಿದೆ. ಮಳೆ ಬಿಡುವು ಕೊಟ್ಟು ಹಂಚು ಒಣಗಿದ ದಿನ ಹತ್ತಿ ನೋಡಿ.